ನೋಟಿಸ್‌ಗಿಂತ ಮೊದಲು ಕೇಸ್ ಶೀಟ್

ವೈದ್ಯಕೀಯ ನಿರ್ಲಕ್ಷ್ಯದ ಕೇಸ್ ಅಂತ ಕಕ್ಷಿದಾರರು ಬಂದರೆ ಮೊದಲೇ ಲೀಗಲ್ ನೋಟಿಸ್ ಕಳಿಸಬೇಡಿ. ರೋಗಿಯ ಸಹಿಯಲ್ಲಿ ಒಂದು ಸಾದಾ ಅರ್ಜಿ ಕೊಡಿಸಿ ಪೂರ್ತಿ ಕೇಸ್ ಶೀಟ್ (ಆಸ್ಪತ್ರೆ ಬರೆದಿಟ್ಟ ಚಿಕಿತ್ಸೆಯ ದಾಖಲೆಗಳ ಫೈಲು) ಕೇಳಿ, ಆ ಅರ್ಜಿಯ ನಕಲಿನ ಮೇಲೆ ಆಸ್ಪತ್ರೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೊಡದಿದ್ದರೆ ಗ್ರಾಹಕರ ಆಯೋಗದ ಮುಂದೆ ಆ ಸೀಲೇ ನಿಮ್ಮ ಮೊದಲ ದಾಖಲೆ. ನೋಟಿಸ್ ಹೋದಮೇಲೆ ಕೇಳಿದರೆ ಫೈಲು ಆಸ್ಪತ್ರೆಯ ವಕೀಲರ ಮೇಜಿನ ಮೇಲಿರುತ್ತದೆ. ಸುಮ್ನೆ ‘ದಾಖಲೆ ಕೊಡಿ’ ಅಂದರೆ ಡಿಸ್ಚಾರ್ಜ್ ಸಮರಿ (ಮನೆಗೆ ಕಳಿಸುವಾಗಿನ ಸಾರಾಂಶ) ಮಾತ್ರ ಕೊಟ್ಟು ಕಳಿಸುತ್ತಾರೆ. ನರ್ಸ್ ನೋಟ್ಸ್, ಔಷಧಿ ಚಾರ್ಟು, ಅರಿವಳಿಕೆ ದಾಖಲೆ, ಒಪ್ಪಿಗೆ ಪತ್ರ ಅಂತ ಹೆಸರು ಹಿಡಿದೇ ಬರೆಯಿರಿ. ಜಾಸ್ತಿ ಮಾತಾಡುವುದು ನರ್ಸ್ ನೋಟ್ಸೇ. ರಾತ್ರಿ 2.10ಕ್ಕೆ ‘ಬಿಪಿ 80/50, ಡಾಕ್ಟರಿಗೆ ತಿಳಿಸಿದೆ’ ಅಂತಿದ್ದು, ಬಿಪಿ ಅಷ್ಟು ಇಳಿದಿದ್ದರೂ ಡಾಕ್ಟರ ಮುಂದಿನ ಬರಹ ಬೆಳಿಗ್ಗೆ 6ಕ್ಕಿದ್ದರೆ ಪ್ರಶ್ನೆ ಅಲ್ಲೇ ಹುಟ್ಟಿತು, ಅಲ್ವಾ? ಹಳೇ ಕೇಸಿಗೆ ಇದು ನಡೆಯುವುದಿಲ್ಲ: ಒಳರೋಗಿ ದಾಖಲೆ ಇಡಬೇಕಾದ್ದು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಅಷ್ಟೇ. ದೂರು ಕೊಡುವ 2 ವರ್ಷದ ಗಡುವು ಹತ್ತಿರ ಬಂದಿದ್ದರೂ ಕಾಯಬೇಡಿ. ಮೊದಲು ದೂರು ಹಾಕಿ, ದಾಖಲೆ ತರಿಸುವಂತೆ ಆಯೋಗವನ್ನೇ ಕೇಳಿ.