ಕ್ವೇಸಾರ್‌ನ ಕೆಂಪು ಪಲ್ಲಟ ಅಳೆಯುವುದು ಹೇಗೆ?

ವಿಶ್ವ ಹಿಗ್ಗುತ್ತಿದೆ, ಹಾಗಾಗಿ ಅದಕ್ಕೊಂದು ಆರಂಭವಿತ್ತು ಎನ್ನಲು ಮೊದಲ ಗಟ್ಟಿ ಸಾಕ್ಷಿ ಕೆಂಪು ಪಲ್ಲಟ, ಅಂದರೆ ದೂರ ಸರಿಯುವ ಕಾಯದ ಬೆಳಕಿನ ಅಲೆಗಳು ಉದ್ದವಾಗಿ ಕೆಂಪಿನತ್ತ ಸರಿಯುವುದು. ಅದನ್ನು ನೀವೇ ಲೆಕ್ಕ ಹಾಕಬಹುದು. ಕನ್ಯಾ ರಾಶಿಯ ಕ್ವೇಸಾರ್ (ದೂರದ ಗೆಲಾಕ್ಸಿಯೊಂದರ ಅತಿ ಪ್ರಕಾಶಮಾನವಾದ ನಡುಭಾಗ) 3ಸಿ 273ರ ರೋಹಿತ, ಅಂದರೆ ತರಂಗಾಂತರಗಳಾಗಿ ಬಿಡಿಸಿದ ಬೆಳಕು, ತೆಗೆದುಕೊಳ್ಳಿ. 1963ರಲ್ಲಿ ಖಗೋಳಜ್ಞ ಮಾರ್ಟೆನ್ ಶ್ಮಿಟ್ ಬಿಡಿಸಿದ ಒಗಟು ಇದೇ.

ಹೈಡ್ರೋಜನ್‌ನ ಬೀಟಾ ರೇಖೆಯ (ಅದು ಹೊಮ್ಮಿಸುವ ನಿಗದಿತ ಬಣ್ಣಗಳಲ್ಲೊಂದು) ತರಂಗಾಂತರ ಪ್ರಯೋಗಾಲಯದಲ್ಲಿ 4861 ಆಂಗ್‌ಸ್ಟ್ರಾಮ್. ಇಲ್ಲಿ ಅದರ ಅಗಲವಾದ ಉಬ್ಬು ಸುಮಾರು 5630ರಲ್ಲಿ ಕಾಣುತ್ತದೆ. ವ್ಯತ್ಯಾಸವನ್ನು 4861ರಿಂದ ಭಾಗಿಸಿ: 0.158. ಇದೇ ಕೆಂಪು ಪಲ್ಲಟ. ಒಂದೇ ರೇಖೆಯನ್ನು ನಂಬಬೇಡಿ, ಗುರುತೇ ತಪ್ಪಿರಬಹುದು. 4340ರ ಗಾಮಾ ರೇಖೆ 5026ರ ಆಸುಪಾಸಿನಲ್ಲಿದ್ದರೆ ಲೆಕ್ಕ ಸರಿ. ಆಲ್ಫಾ ರೇಖೆ ಎಷ್ಟೇ ಎದ್ದು ಕಂಡರೂ ಬಿಟ್ಟುಬಿಡಿ: ಅದು ಸರಿದು ನಿಲ್ಲುವ 7600ರಲ್ಲೇ ನಮ್ಮ ವಾತಾವರಣದ ಆಮ್ಲಜನಕ ಬೆಳಕು ಹೀರಿ, ಶಿಖರವನ್ನೇ ಕತ್ತರಿಸುತ್ತದೆ.

ನಮ್ಮ ನೆರೆಯ ಗೆಲಾಕ್ಸಿ ಆಂಡ್ರೊಮಿಡಾದಲ್ಲಿ ಇದನ್ನೇ ಮಾಡಿದರೆ ನೀಲಿ ಪಲ್ಲಟ ಸಿಗುತ್ತದೆ, ಅಂದರೆ ಅದು ನಮ್ಮತ್ತ ಬರುತ್ತಿದೆ. ಅಷ್ಟು ಹತ್ತಿರದಲ್ಲಿ ಹಿಗ್ಗುವಿಕೆಗಿಂತ ಗುರುತ್ವದ್ದೇ ಮೇಲುಗೈ.