ಲೆನ್ಸ್ ಕೆಟ್ಟ ಕ್ಯಾಮೆರಾ ಸಾಕು: ಮಿನಿ ಡಿವಿ ಕ್ಯಾಸೆಟ್ ಕಂಪ್ಯೂಟರ್‌ಗೆ ಹಾಕಿಕೊಳ್ಳುವುದು ಹೇಗೆ?

ಡೆಕ್ (ಕ್ಯಾಸೆಟ್ ಓಡಿಸುವ ಯಂತ್ರ) ಹುಡುಕಲು ಹೊರಡುವ ಮೊದಲು ಬೀರುವಿನ ಮೇಲಿನ ಹಳೆಯ ವಿಡಿಯೋ ಕ್ಯಾಸೆಟ್‌ಗಳ ಡಬ್ಬ ಕೆಳಗಿಳಿಸಿ. ಕ್ಯಾಸೆಟ್ ಮೇಲೆ ಏನು ಬರೆದಿದೆ ಓದಿ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಿದ್ದು, ‘ಮಿನಿ ಡಿವಿ’ ಎಂದಿದ್ದರೆ ಮುಂದೆ ಓದಿ. ‘ಹೈ 8’ ಅಥವಾ ‘ಡಿಜಿಟಲ್ 8’ ಎಂದಿದ್ದರೆ ಅದಕ್ಕೆ ಯಂತ್ರವೇ ಬೇರೆ.

ಮಿನಿ ಡಿವಿ ಕ್ಯಾಸೆಟ್‌ನಲ್ಲೂ ಒಳಜಾತಿಗಳಿವೆ. ಎಚ್‌ಡಿವಿಯಲ್ಲಿ, ಅಂದರೆ ಅದೇ ಕ್ಯಾಸೆಟ್‌ನಲ್ಲಿ ಹೈ ಡೆಫಿನಿಷನ್ ಆಗಿ, ತೆಗೆದದ್ದು ಸಾದಾ ಡಿವಿ ಯಂತ್ರದಲ್ಲಿ ಓಡುವುದಿಲ್ಲ. ಮದುವೆ ವಿಡಿಯೋದವರು ಸೋನಿ ಪಿಡಿ 170ನಂಥ ಕ್ಯಾಮೆರಾದಲ್ಲಿ ತೆಗೆದಿದ್ದರೆ ಅದು ಡಿವಿಕ್ಯಾಮ್, ಅಂದರೆ ಸೋನಿಯವರು ವೃತ್ತಿಪರರಿಗೆ ಮಾಡಿದ ಬಗೆ, ಆಗಿರಬಹುದು. ಗೊತ್ತಿರುವವರನ್ನು ಒಮ್ಮೆ ಕೇಳಿ. ಅಮೆರಿಕದಲ್ಲಿರುವ ಅಕ್ಕ ಕಳಿಸಿದ ಕ್ಯಾಸೆಟ್ ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿ, ನಮ್ಮಲ್ಲಿ ತೆಗೆದದ್ದು ನಮ್ಮ ಪದ್ಧತಿಯಾದ ಪಾಲ್. ಒಂದರ ಕ್ಯಾಮೆರಾದಲ್ಲಿ ಇನ್ನೊಂದು ಸರಿಯಾಗಿ ಓಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಈಗ ಯಂತ್ರದ ಮಾತು. ಸೋನಿ ಡಿಎಸ್‌ಆರ್-11ರಂಥ ಡೆಕ್ ಡಿವಿ, ಡಿವಿಕ್ಯಾಮ್, ಪಾಲ್, ಎನ್‌ಟಿಎಸ್‌ಸಿ ಎಲ್ಲವನ್ನೂ ಓದುತ್ತದೆ. ಎಲ್ಲ ಬಗೆಯ ಕ್ಯಾಸೆಟ್ ರಾಶಿ ಇದ್ದವರಿಗೆ ಅದೇ ಸರಿ. ಆದರೆ ಸ್ಟುಡಿಯೋದಲ್ಲಿ ಹಗಲೂ ರಾತ್ರಿ ದುಡಿದ ಡೆಕ್ ಆದರೆ ಟೇಪ್ ಓದುವ ಹೆಡ್ ಸವೆದಿರುತ್ತದೆ, ಬೆಲೆ ಮಾತ್ರ ಇಳಿದಿರುವುದಿಲ್ಲ. ಹತ್ತಿಪ್ಪತ್ತು ಕ್ಯಾಸೆಟ್ ಇರುವ ಮನೆಗೆ ಡೆಕ್ ಬೇಕಾಗಿಲ್ಲ. ಹಳೆಯ ಹ್ಯಾಂಡಿಕ್ಯಾಮೇ ನಿಮ್ಮ ಡೆಕ್. ಲೆನ್ಸ್‌ಗೆ ಬೂಷ್ಟು ಹಿಡಿದಿರಲಿ, ಝೂಮ್ ಕೆಟ್ಟಿರಲಿ, ಬ್ಯಾಟರಿ ಸತ್ತಿರಲಿ, ಕ್ಯಾಸೆಟ್ ಓಡಿದರೆ ಸಾಕು. ಇಂಥ ಕುಂಟು ಕ್ಯಾಮೆರಾ ಯಾರಿಗೂ ಬೇಡ, ಹಾಗಾಗಿ ಅಗ್ಗ. ಚಾರ್ಜರ್ ಅಥವಾ ಅಡಾಪ್ಟರ್ ಜೊತೆಗೇ ಕೇಳಿ ಪಡೆಯಿರಿ. ಇನ್ನೂ ಮೊದಲು ನೆಂಟರ ಮನೆಯಲ್ಲಿ ವಿಚಾರಿಸಿ. ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತದೆ, ಅಲ್ವಾ?

ಕೊಳ್ಳುವಾಗ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಜೊತೆಗೆ ಒಂದು ಬೇಡದ ಕ್ಯಾಸೆಟ್ ಒಯ್ಯಿರಿ. ಮದುವೆ ಕ್ಯಾಸೆಟ್ ಅಲ್ಲ! ಐದು ನಿಮಿಷ ಓಡಿಸಿ, ಹಿಂದೆ ಸುತ್ತಿಸಿ, ಎರಡು ಮೂರು ಸಲ ಹೊರಗೆ ತೆಗೆದು ಹಾಕಿ. ಚಿತ್ರದಲ್ಲಿ ಚೌಕ ಚೌಕ ತುಣುಕು ಕಂಡರೆ ಹೆಡ್ ಕೊಳೆಯಾಗಿರಬಹುದು. ಪಟ್ಟಿ ಬಿಟ್ಟು ಪಟ್ಟಿ ಚಿತ್ರ ಮಾಯವಾದರೆ ಎರಡು ಹೆಡ್‌ಗಳಲ್ಲಿ ಒಂದು ಓದುತ್ತಿಲ್ಲ. ಕ್ಲೀನಿಂಗ್ ಕ್ಯಾಸೆಟ್ ಅನ್ನು ಹತ್ತು ಸೆಕೆಂಡ್ ಓಡಿಸಿ ನೋಡಿ, ಜಾಸ್ತಿ ಬೇಡ, ಅದೂ ಹೆಡ್ ಸವೆಸುತ್ತದೆ. ಆಮೇಲೂ ಹಾಗೇ ಇದ್ದರೆ ಬಿಟ್ಟು ಬನ್ನಿ. ಬೂಷ್ಟು ಹಿಡಿದ ಕ್ಯಾಸೆಟ್ ಮಾತ್ರ ಯಾವ ಯಂತ್ರಕ್ಕೂ ಹಾಕಬೇಡಿ. ಮಲೆನಾಡು, ಕರಾವಳಿಯವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ.

ಕ್ಯಾಮೆರಾದ ‘ಡಿವಿ’ ಎಂಬ ಪುಟ್ಟ ಕಿಂಡಿ ಮುಖ್ಯ, ವಿಡಿಯೋ ಕಂಪ್ಯೂಟರ್‌ಗೆ ಹೋಗುವುದು ಇದರಿಂದಲೇ. ಸೋನಿಯವರು ಇದನ್ನು ‘ಐ ಲಿಂಕ್’ ಎನ್ನುತ್ತಾರೆ, ಉಳಿದವರಿಗೆ ಫೈರ್‌ವೈರ್. ಯುಎಸ್‌ಬಿ ಕಿಂಡಿಯೂ ಇರುತ್ತದೆ, ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದರಿಂದ ಪೂರ್ತಿ ಗುಣಮಟ್ಟದ ವಿಡಿಯೋ ಬರುವುದಿಲ್ಲ. ಫೈರ್‌ವೈರ್‌ನಿಂದ ಯುಎಸ್‌ಬಿಗೆ ಎಂದು ಮಾರುವ ಅಗ್ಗದ ಕೇಬಲ್ಲಂತೂ ದಂಡ. ಡೆಸ್ಕ್‌ಟಾಪ್ ಇದ್ದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಫೈರ್‌ವೈರ್ ಕಾರ್ಡ್ ಹಾಕಿಸಿ. ಬೆಂಗಳೂರಿನವರು ಎಸ್.ಪಿ. ರೋಡ್‌ನಲ್ಲಿ ಹುಡುಕಬಹುದು. ಮ್ಯಾಕ್ ಇರುವವರು ಎಚ್ಚರ: 2025ರಲ್ಲಿ ಬಂದ ಮ್ಯಾಕ್ ಓಎಸ್ ತಹೋ ಫೈರ್‌ವೈರನ್ನೇ ಕೈಬಿಟ್ಟಿದೆ. ಹಳೆಯ ಮ್ಯಾಕ್ ಇದ್ದರೆ ಅಪ್‌ಡೇಟ್ ಮಾಡದೆ ಇಟ್ಟುಕೊಳ್ಳಿ. ಕ್ಯಾಮೆರಾ, ಕಂಪ್ಯೂಟರ್ ಎರಡನ್ನೂ ಆಫ್ ಮಾಡಿಯೇ ಕೇಬಲ್ ಸಿಕ್ಕಿಸಿ. ಪಿನ್ ತಿರುವುಮುರುವಾದರೆ ಕಿಂಡಿ ಸುಟ್ಟುಹೋಗುತ್ತದೆ.

ಇನ್ನು ಕೆಲಸ ಸುಲಭ. ವಿಂಡೋಸ್‌ಗೆ ವಿನ್‌ಡಿವಿ, ಲಿನಕ್ಸ್‌ಗೆ ಡಿವಿಗ್ರ್ಯಾಬ್ ಎಂಬ ಉಚಿತ ತಂತ್ರಾಂಶಗಳಿವೆ. ಒಂದು ಗಂಟೆಯ ಕ್ಯಾಸೆಟ್‌ಗೆ ಒಂದು ಗಂಟೆಯೇ ಬೇಕು. ಸುಮಾರು 13 ಜಿಬಿ ಜಾಗ ತಿನ್ನುತ್ತದೆ, ಇಪ್ಪತ್ತು ಕ್ಯಾಸೆಟ್‌ಗೆ 260 ಜಿಬಿ. ಆತುರಕ್ಕೆ ಎಂಪಿ4 ಮಾಡಬೇಡಿ, ಮೂಲ ಡಿವಿ ಫೈಲ್ ಹಾಗೇ ಇರಲಿ. ತೆಗೆದ ದಿನ, ಗಂಟೆ ಕೂಡ ಅದರೊಳಗೇ ಉಳಿದಿರುತ್ತದೆ. ‘ಎಲ್‌ಪಿ’ಯಲ್ಲಿ (ಲಾಂಗ್ ಪ್ಲೇ, ಹೆಚ್ಚು ಹೊತ್ತು ಹಿಡಿಸಲು ಟೇಪನ್ನು ನಿಧಾನವಾಗಿ ಓಡಿಸುವ ಬಗೆ) ತೆಗೆದ ಕ್ಯಾಸೆಟ್ ಬೇರೆ ಕ್ಯಾಮೆರಾದಲ್ಲಿ ಮೊಂಡಾಟ ಮಾಡುವುದುಂಟು. ಅದನ್ನು ತೆಗೆದ ಕ್ಯಾಮೆರಾವೇ ಸಿಕ್ಕರೆ ಒಳ್ಳೆಯದು.

ಎರಡು ಡಿಸ್ಕ್‌ಗೆ ಕಾಪಿ ಮಾಡಿ, ಪ್ರತಿ ಫೈಲನ್ನೂ ಶುರು, ನಡು, ಕೊನೆ ಓಡಿಸಿ ನೋಡಿದ ಮೇಲೆ ಕ್ಯಾಮೆರಾ ಬೇಕಾದರೆ ಮಾರಿಬಿಡಿ. ಕ್ಯಾಸೆಟ್ ಎಸೆಯಬೇಡಿ.