ಟರ್ಬೈನ್ ಕೇಸಿಂಗ್ ಬಾಗುವುದನ್ನು ನಾವು ತಡೆದ ಬಗೆ

ಸಕ್ಕರೆ ಕಾರ್ಖಾನೆಯ ಕೋಜೆನ್ ವಿಭಾಗದಲ್ಲಿ, ಅಂದರೆ ಕಬ್ಬಿನ ಸಿಪ್ಪೆ ಉರಿಸಿ ಬರುವ ಸ್ಟೀಮ್‌ನಿಂದ ಕರೆಂಟ್ ಮಾಡುವ ಕಡೆ, ಟರ್ಬೈನ್ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮದು 20 ಮೆಗಾವ್ಯಾಟ್ ಮಷಿನ್. ಒಳಗೆ ಬರುವ ಸ್ಟೀಮ್‌ನ ಒತ್ತಡ 67 ಬಾರ್, ಬಿಸಿ 485 ಡಿಗ್ರಿ. ಒಂದು ಹಂಗಾಮಿನಲ್ಲಿ ಸಂಕ್ರಾಂತಿ ಕಳೆಯುವ ಹೊತ್ತಿಗೆ ಲೆಕ್ಕ ತಪ್ಪಿತು. ನವೆಂಬರ್‌ನಲ್ಲಿ ಬರುತ್ತಿದ್ದಷ್ಟೇ ಕರೆಂಟಿಗೆ ಈಗ ಗಂಟೆಗೆ ಸುಮಾರು 3 ಟನ್ ಸ್ಟೀಮ್ ಜಾಸ್ತಿ ಬೇಕಾಗುತ್ತಿತ್ತು. ಅಷ್ಟು ಬಗಾಸ್ (ಕಬ್ಬಿನ ಸಿಪ್ಪೆ) ಸುಮ್ನೆ ಉರಿದು ಹೋಗುತ್ತಿತ್ತು.

ಬ್ಲೇಡ್ ಮೇಲೆ ಸಿಲಿಕಾ (ಸ್ಟೀಮ್ ಜೊತೆ ಬರುವ ಖನಿಜ) ಕಟ್ಟಿರಬೇಕು ಎಂದು ಎಲ್ಲರೂ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. ಸಿಲಿಕಾ ಕಟ್ಟಿದರೆ ಅಷ್ಟೇ ಸ್ಟೀಮ್‌ಗೆ ವ್ಹೀಲ್ ಚೇಂಬರ್ (ಮೊದಲ ಸಾಲಿನ ಬ್ಲೇಡ್ ದಾಟಿದ ಕೂಡಲೇ ಸ್ಟೀಮ್ ಸೇರುವ ಜಾಗ) ಒತ್ತಡ ಏರಬೇಕು. ನಮ್ಮಲ್ಲಿ ಅದು ಏರಿರಲಿಲ್ಲ. ಹಂಗಾಮು ಮುಗಿಯುವ ತನಕ ಹಾಗೇ ಓಡಿಸಿ, ಬೇಸಿಗೆಯಲ್ಲಿ ಕೇಸಿಂಗ್‌ನ, ಅಂದರೆ ಟರ್ಬೈನ್‌ನ ಹೊರಕವಚದ, ಮೇಲಿನ ಅರ್ಧ ಎತ್ತಿದೆವು.

ಬ್ಲೇಡ್ ಚೆನ್ನಾಗಿಯೇ ಇದ್ದವು. ಕೆಟ್ಟಿದ್ದು ಡಯಾಫ್ರಾಮ್‌ಗಳ (ಬ್ಲೇಡ್ ಸಾಲುಗಳ ನಡುವಿನ ಅಲುಗದ ಗೋಡೆಗಳ) ಲ್ಯಾಬಿರಿಂತ್ ಸೀಲ್. ತಿರುಗುವ ರೋಟರ್ ಸುತ್ತಲಿನ ಸಂದಿಯಲ್ಲಿ ಸ್ಟೀಮ್ ಸೋರದಂತೆ ತಡೆಯುವುದು ಇದೇ. ಅದರಲ್ಲೂ ನಡುವಿನ ನಾಲ್ಕೈದು ಸ್ಟೇಜ್‌ಗಳದ್ದು (ಬ್ಲೇಡ್ ಸಾಲುಗಳದ್ದು), ಅದೂ ಕೆಳಗಿನ ಅರ್ಧದಲ್ಲಿ ಮಾತ್ರ. ಟಾರ್ಚ್ ಹಿಡಿದು ನೋಡಿದರೆ ಮೇಲಿನ ಫಿನ್‌ಗಳು (ಸೀಲ್‌ನ ತೆಳು ಹಲ್ಲುಗಳು) ಚಾಕುವಿನ ಅಂಚಿನ ಹಾಗೆ ಚೂಪಾಗಿದ್ದವು. ಕೆಳಗಿನವು ತಿಕ್ಕಿ, ಮಡಚಿ, ಅಣಬೆ ತಲೆಯ ಹಾಗೆ ಚಪ್ಪಟೆಯಾಗಿದ್ದವು. ರೋಟರ್ ಮೇಲಿನ ತಿಕ್ಕಿದ ಗೆರೆ ಮಾತ್ರ ಸುತ್ತಲೂ ಒಂದೇ ಸಮ ಇತ್ತು.

ಈ ಗುರುತೇ ಎಲ್ಲ ಹೇಳಿತು. ರೋಟರ್ ಬಾಗಿದ್ದರೆ ಅದರ ಒಂದೇ ಮಗ್ಗುಲಲ್ಲಿ ಗೆರೆ ಬೀಳುತ್ತದೆ, ಸೀಲ್ ಸುತ್ತಲೂ ಸವೆಯುತ್ತದೆ. ಇಲ್ಲಿ ಅದು ತಿರುವುಮುರುವಾಗಿತ್ತು. ಅಂದರೆ ರೋಟರ್ ನೆಟ್ಟಗಿತ್ತು. ಬಾಗಿದ್ದು ಕೇಸಿಂಗ್.

ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಏರಿಸುವುದನ್ನು ನೋಡಿದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಕಾದ ಕಬ್ಬಿಣ ಉದ್ದವಾಗುತ್ತದೆ, ಅಲ್ವಾ? ಟರ್ಬೈನ್ ನಿಂತ ಮೇಲೆ ಒಳಗಿನ ಬಿಸಿ ಮೇಲಕ್ಕೆ ಏರಿ ನಿಲ್ಲುತ್ತದೆ. ಕೆಳಗಿನ ಅರ್ಧ ಬೇಗ ಆರುತ್ತದೆ. ಮೇಲಿನದು ಉದ್ದ, ಕೆಳಗಿನದು ಗಿಡ್ಡ. ಆಗ ಕೇಸಿಂಗ್ ನಡುವಿನಲ್ಲಿ ಬೆನ್ನು ಎತ್ತುತ್ತದೆ, ಕೆಳಗಿನ ಸೀಲ್ ರೋಟರ್ ಹೊಟ್ಟೆಗೆ ತಾಗುತ್ತದೆ.

ಎಷ್ಟು ಎತ್ತುತ್ತದೆ? ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ. ಉಕ್ಕು ಒಂದು ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಬೆಳೆಯುತ್ತದೆ. ಆಸರೆಯಿಂದ ಆಸರೆಗೆ 2 ಮೀಟರ್ ಉದ್ದ, 1 ಮೀಟರ್ ವ್ಯಾಸದ ಕೇಸಿಂಗ್ ಎಂದು ಹಿಡಿಯಿರಿ. ಮೇಲೆ ಕೆಳಗೆ 60 ಡಿಗ್ರಿ ವ್ಯತ್ಯಾಸ ಇದ್ದರೆ ನಡು ಸುಮಾರು 0.36 ಮಿಲಿಮೀಟರ್ ಏರುತ್ತದೆ. ನಮ್ಮ ಸೀಲ್ ಕ್ಲಿಯರೆನ್ಸ್, ಅಂದರೆ ಸೀಲ್‌ಗೂ ರೋಟರ್‌ಗೂ ನಡುವಿನ ಸಂದಿ, ಇದ್ದದ್ದೇ 0.30! ವ್ಯತ್ಯಾಸ 20 ಡಿಗ್ರಿಗೆ ಇಳಿದರೆ ಏರಿಕೆ 0.12 ಅಷ್ಟೇ.

ನಮ್ಮಲ್ಲಿ ನಿಜವಾಗಿ ವ್ಯತ್ಯಾಸ ಎಷ್ಟಿತ್ತು? ಕೇಸಿಂಗ್ ಮೇಲೆ, ಕೆಳಗೆ ಎರಡೂ ಕಡೆ ಬಿಸಿ ಅಳೆಯುವ ಥರ್ಮೋಕಪಲ್ ಇತ್ತು. ಆದರೆ ಮಷಿನ್ ನಿಂತ ಮೇಲೆ ಆ ರೀಡಿಂಗ್ ಯಾರೂ ಬರೆದಿಡುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಉಳಿದಿದ್ದ ಹಳೇ ಟ್ರೆಂಡ್ ತೆಗೆದು ನೋಡಿದೆ. ಸಂಕ್ರಾಂತಿಗೆ ಕಟಾವು ಗ್ಯಾಂಗ್‌ಗಳು ಊರಿಗೆ ಹೋಗಿದ್ದವು, ಕಬ್ಬಿಲ್ಲದೆ ಕಾರ್ಖಾನೆ ಮೂರು ಸಲ ನಿಂತಿತ್ತು. ಮೂರೂ ಸಲ ಐದಾರು ಗಂಟೆ ಬಿಟ್ಟು, ವ್ಯತ್ಯಾಸ 60 ಡಿಗ್ರಿಗಿಂತ ಜಾಸ್ತಿ ಇರುವಾಗಲೇ ಮತ್ತೆ ಸ್ಟಾರ್ಟ್ ಮಾಡಿದ್ದೆವು. ನಿಂತ ಮೇಲೂ ರೋಟರನ್ನು ನಿಧಾನಕ್ಕೆ ತಿರುಗಿಸುವ ಬ್ಯಾರಿಂಗ್ ಗೇರ್ ತಪ್ಪದೆ ಓಡಿತ್ತು, ಹಾಗಾಗಿ ರೋಟರ್ ಬಚಾವಾಯಿತು. ಆದರೆ ಬ್ಯಾರಿಂಗ್ ಗೇರ್ ರೋಟರನ್ನು ನೆಟ್ಟಗಿಡುತ್ತದೆ, ಕೇಸಿಂಗನ್ನಲ್ಲ.

ಅಷ್ಟು ವ್ಯತ್ಯಾಸ ಯಾಕೆ? ಉತ್ತರ ಟರ್ಬೈನ್ ಕೆಳಗಿತ್ತು. ಹಿಂದಿನ ವರ್ಷ ಡ್ರೈನ್ ಫ್ಲಾಂಜ್ ಸೋರಿದಾಗ ಕೆಳಗಿನ ಲ್ಯಾಗಿಂಗ್ (ಬಿಸಿ ಹೊರಹೋಗದಂತೆ ಸುತ್ತುವ ಹೊದಿಕೆ) ಬಿಚ್ಚಿದ್ದರು. ವಾಪಸ್ ಕಟ್ಟುವಾಗ ಬಿಗಿಯಾಗಿ ಕೂರಿಸಿರಲಿಲ್ಲ. ನಾನು ಒಳಗೆ ತೆವಳಿ ಕೈ ಹಾಕಿದೆ. ಕೇಸಿಂಗ್‌ಗೂ ಲ್ಯಾಗಿಂಗ್‌ಗೂ ನಡುವೆ ನನ್ನ ಅಂಗೈ ಸಲೀಸಾಗಿ ಹೋಯಿತು. ಆ ಸಂದಿಯಲ್ಲಿ ತಣ್ಣನೆ ಗಾಳಿ ಆಡುತ್ತಿತ್ತು.

ಹೊಸ ಸೀಲ್ ಹಾಕುವಾಗ ಒಂದು ಸಲಹೆ ಬಂತು: ಕ್ಲಿಯರೆನ್ಸ್ 0.50 ಇಟ್ಟುಬಿಡಿ, ತಾಗುವುದೇ ಇಲ್ಲ. ನಾನು ಒಪ್ಪಲಿಲ್ಲ. ಸಂದಿ ಎಷ್ಟು ಹಿಗ್ಗುತ್ತದೋ ಸೋರಿಕೆಯೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತದೆ. ವರ್ಷಕ್ಕೆ ನಾಲ್ಕು ಸಲ ಆಗುವ ತೊಂದರೆಗೆ ಹೆದರಿ ಹಂಗಾಮಿಡೀ ಸ್ಟೀಮ್ ಸೋರಲು ಬಿಡುವುದು ಯಾವ ನ್ಯಾಯ? 0.30 ಇಟ್ಟೇ ಕೂರಿಸಿದೆವು.

ಕೆಳಗಿನ ಲ್ಯಾಗಿಂಗ್ ಪೂರ್ತಿ ಬದಲಾಯಿಸಿದೆವು. ಸೆರಾಮಿಕ್ ಬ್ಲ್ಯಾಂಕೆಟ್ ಎರಡು ಪದರ, ಜೋಡಣೆ ಒಂದರ ಮೇಲೊಂದು ಬರದ ಹಾಗೆ. ಜೋತು ಬೀಳದಿರಲಿ ಎಂದು ಕೆಳಗಿನಿಂದ ಸ್ಟೇನ್‌ಲೆಸ್ ಜಾಲರಿ ಬಿಗಿದೆವು. ಈ ಕೆಲಸಕ್ಕೆ ಮೂರು ದಿನ ನಾನು ಪಕ್ಕದಲ್ಲೇ ಕೂತಿದ್ದೆ. ಲ್ಯಾಗಿಂಗ್ ಕಟ್ಟುವವರ ಕೈಚಳಕಕ್ಕೆ ನಮ್ಮಲ್ಲಿ ಸಿಗಬೇಕಾದ ಮರ್ಯಾದೆ ಸಿಗುವುದಿಲ್ಲ.

ಮುಂದಿನ ಪೆಡೆಸ್ಟಲ್‌ನ (ಟರ್ಬೈನ್‌ನ ಮುಂಭಾಗ ಹೊರುವ ಪೀಠದ) ಸ್ಲೈಡಿಂಗ್ ಕೀಗಳಲ್ಲಿ, ಅಂದರೆ ಬಿಸಿಗೆ ಬೆಳೆದಾಗ ಅದು ನೇರವಾಗಿ ಜಾರಲು ದಾರಿ ಕೊಡುವ ತುಂಡುಗಳಲ್ಲಿ, ಗ್ರೀಸ್ ಒಣಗಿ ಗಟ್ಟಿಯಾಗಿತ್ತು. ಅದನ್ನೂ ಬಿಡಿಸಿದೆವು. ಎಡಕ್ಕೊಂದು ಬಲಕ್ಕೊಂದು ಡಯಲ್ ಗೇಜ್ ಇಟ್ಟು, ಬಿಸಿಯಾಗುವಾಗ ಎರಡೂ ಕಡೆ ಸಮನಾಗಿ ಸರಿಯುತ್ತದೆಯೇ ಎಂದು ನೋಡಿದೆವು.

ಕಡೆಗೆ ಕಂಟ್ರೋಲ್ ರೂಮಿನ ಗೋಡೆಗೆ ಒಂದು ಸಾಲು ಬರೆದು ಅಂಟಿಸಿದೆ: ಮೇಲೆ ಕೆಳಗೆ 40 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸ್ಟಾರ್ಟ್ ಇಲ್ಲ. ಇದು ನಮ್ಮ ಮಷಿನ್ನಿಗೆ, ನಮ್ಮ ಕ್ಲಿಯರೆನ್ಸಿಗೆ ಹೊಂದಿಸಿದ ಅಂಕಿ. ನಿಮ್ಮದಕ್ಕೆ ಮಷಿನ್ ಮಾಡಿದವರ ಮಿತಿಯನ್ನೇ ಹಿಡಿಯಿರಿ. ಮೊದಲ ಸಲ ಇದಕ್ಕಾಗಿ ಎರಡು ಗಂಟೆ ಕಾದಾಗ ಯಾರ್ಡಿನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿದ್ದವು, ಫೋನ್ ಮೇಲೆ ಫೋನ್. ಶಿಫ್ಟ್ ಇನ್‌ಚಾರ್ಜ್ ಗಟ್ಟಿ ಮನಸ್ಸಿನಿಂದ ಕಾದರು.

ಆ ಹಂಗಾಮಿನಲ್ಲಿ ಮಷಿನ್ ನಿಂತಾಗಲೆಲ್ಲ ರೀಡಿಂಗ್ ಬರೆದೆವು. ಹೆಚ್ಚಿನ ಸಲ ವ್ಯತ್ಯಾಸ 20-25 ಡಿಗ್ರಿ ದಾಟಲಿಲ್ಲ. ಹಾಗಾಗಿ ಕಾಯುವ ಪ್ರಸಂಗವೂ ಕಡಿಮೆಯಾಯಿತು. ಆ 3 ಟನ್ ಸ್ಟೀಮ್ ನಮಗೆ ವಾಪಸ್ ಸಿಕ್ಕಿತು, ಮಾರ್ಚ್‌ವರೆಗೂ ಉಳಿಯಿತು.

ಮರುಬೇಸಿಗೆಯಲ್ಲಿ ಕೇಸಿಂಗ್ ಎತ್ತಿದಾಗ ನಾನು ಮೊದಲು ಮುಟ್ಟಿದ್ದು ನಡುವಿನ ಸ್ಟೇಜ್‌ನ ಕೆಳಗಿನ ಫಿನ್‌ಗಳನ್ನೇ. ಉಗುರು ಸವರಿದರೆ ಗೀರುವಷ್ಟು ಚೂಪಾಗಿದ್ದವು. ಸಂದಿ ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ಹಾಕಿದೆ. 0.30 ಎಲೆ ಒಳಗೆ ಹೋಯಿತು. 0.35 ಹೋಗಲಿಲ್ಲ.